ನಾಲ್ಕನೆಯ ತಿರುಪು

ಹನ್ನೆರಡು ದಿನದ ಹಿಂದೆ ನಮ್ಮ ಸೊಸೆ ಕಂದೀಲಿನ ಬುರುಡೆ ಬಿಚ್ಚಲು ಹೋದಳು. ಅದು ತುಕ್ಕು ಹಿಡಿದು ಬಿಡಲಿಲ್ಲ. ಪಡಸಾಲೆಯಲ್ಲಿ ಕೂತು ಕಲ್ಲು ತೆಗೆದುಕೊಂಡು ಕುಟ್ಟತೊಡಗಿದಳು. ಕುಟ್ಟಬೇಡ ಎಂದೆ. ಮತ್ತೆ ಕುಟ್ಟಿದಳು. ಈಗಿನ ಹೆಣ್ಣುಮಕ್ಕಳು ಹಿರಿಯರ ಮಾತು ಕೇಳುವುದಿಲ್ಲ ಎಂದು ನಾನು ಬರೆಯುವುದಿಲ್ಲ, ನಾನೂ ಕೇಳಿದವಳಲ್ಲ. ಎದ್ದು ಹೋಗಿ ಕಂದೀಲು ಕಸಿದುಕೊಂಡೆ. ಒಂದು ಹಿಡಿ ಹುಣಸೆಹಣ್ಣನ್ನು ನೀರಿಗೆ ಹಾಕಿ ಒಲೆಯ ಮೇಲಿಡು ಎಂದೆ.

ನೀರು ಕುದಿಯತೊಡಗಿದಾಗ ಆ ಹುಳಿ ವಾಸನೆ ಮೂಗಿಗೆ ಹತ್ತಿತು. ಕಂಬಕ್ಕೆ ಒರಗಿ ಹೆಸರು ಹಸನು ಮಾಡುತ್ತಿದ್ದ ಚೆನ್ನವ್ವ ಎಡಗೈಯ ಬೆರಳು ಎತ್ತಿ ತೋರಿಸಿ ನಕ್ಕಳು.

"ಈ ವಾಸನಿ ಬಂತಂದ್ರ ನನ್ನ ಬಟ್ಟು ಇನ್ನೂ ಜುಂ ಅಂತಾವ ನೋಡ."

ಚೆನ್ನವ್ವ ನನ್ನ ನೆಗೆಣ್ಣಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಗಂಡಂದಿರಿಬ್ಬರೂ ಹೋಗಿ ಬಹಳ ವರ್ಷವಾಯಿತು. ನಾವಿಬ್ಬರು ಹೋಗದೆ ಕೂತಿದ್ದೇವೆ. ನನಗೆ ಮಕ್ಕಳಿಲ್ಲ. ಸೊಸೆ ಎಂದೆನಲ್ಲ, ಅವಳು ಚೆನ್ನವ್ವನ ಮಗನ ಹೆಂಡತಿ. ಆ ಮಗ ಗಜೇಂದ್ರಗಡದಲ್ಲಿ ನೂಲಿನ ಅಂಗಡಿ ಹಾಕಿದ ಮೇಲೆ ರೋಣದ ಮನೆ ಬಿಟ್ಟು ಎಲ್ಲರೂ ಇಲ್ಲಿಗೆ ಬಂದೆವು. ನಾನು ನಾಲ್ಕು ಅಕ್ಷರ ಕಲಿತದ್ದು ಇಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ತಲೆ ಪೂರ್ತಿ ಬೆಳ್ಳಗಾದ ಮೇಲೆ. ಒತ್ತಕ್ಷರ ಈಗಲೂ ಜಾರುತ್ತವೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಚೆನ್ನವ್ವ ನಕ್ಕಳು ಎಂದೆ. ನಾನು ನಗಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು, ನರಗುಂದದ ಅರಸ ಇಂಗ್ರೇಜರ ಮೇಲೆ ಎದ್ದ ಗದ್ದಲಕ್ಕಿಂತ ಎರಡು ವರ್ಷ ಹಿಂದಕ್ಕೆ. ಗದ್ದಲದ ಮಾತು ಬೇಕಾದವರು ಬೇರೆಯವರನ್ನು ಕೇಳಿರಿ. ನಾನು ಅದರಲ್ಲಿ ಕಂಡದ್ದು ಧೂಳು ಮತ್ತು ಹಗ್ಗ ಹರಿದುಕೊಂಡು ಓಡಿದ ಎತ್ತುಗಳು, ಅಷ್ಟೇ. ನಾನು ಹೇಳುವುದು ಒಂದು ತಿರುಪಿನ ಮಾತು. ಈಗ ಅಂಗಡಿಯವರು ನಟ್ಟು, ಬೋಲ್ಟು ಎನ್ನುತ್ತಾರೆ. ಆಗ ನಾವು ಗೆರೆ ಕೊರೆದ ಮೊಳೆಗೆ ತಿರುಪು ಎಂದೆವು, ಅದರ ತುದಿಗೆ ಬಿಗಿಯುವ ಚೌಕದ ಬಿಲ್ಲೆಗೆ ಟೊಪ್ಪಿಗೆ ಎಂದೆವು.

ನಾನು ಸೂಡಿಯ ಹೆಣ್ಣು. ನಮ್ಮ ಕಡೆ ಜವಾರಿ ಹತ್ತಿಯ ಕಾಳು ಬಿಡಿಸುವುದು ಕಾಲಿನಿಂದ. ನೀವು ನೋಡಿರಲಿಕ್ಕಿಲ್ಲ, ಈಗ ಎಲ್ಲಿಯೂ ಇಲ್ಲ. ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಹೆಬ್ಬೆರಳು ದಪ್ಪದ ಕಬ್ಬಿಣದ ಸಲಾಕೆ. ಪಾದಕ್ಕೆ ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡು, ಗಿಡ್ಡ ಮಣೆಯ ಮೇಲೆ ಕೂತು, ಸಲಾಕೆಯನ್ನು ಮುಂದಕ್ಕೂ ಹಿಂದಕ್ಕೂ ಹೊರಳಿಸಬೇಕು. ಕೈಯಿಂದ ಹತ್ತಿ ಕೊಡುತ್ತ ಹೋದರೆ ಅರಳೆ ಆಚೆ ಹೋಗುತ್ತದೆ, ಕಾಳು ಈಚೆ ಉಳಿಯುತ್ತದೆ. ಒತ್ತು ಹೆಚ್ಚಾದರೆ ಕಾಳು ಒಡೆದು ಅರಳೆಗೆ ಎಣ್ಣೆ ಹತ್ತುತ್ತದೆ. ಕಡಿಮೆಯಾದರೆ ಕಾಳು ಬಿಡುವುದೇ ಇಲ್ಲ. ಎಷ್ಟು ಒತ್ತಬೇಕು ಎಂದು ಯಾರೂ ಬಾಯಿಂದ ಹೇಳಲಾರರು, ಕಾಲಿಗೇ ತಿಳಿಯಬೇಕು. ಎಂಟು ವರ್ಷದವಳಿದ್ದಾಗಿನಿಂದ ಅದನ್ನು ಮಾಡಿದ್ದರಿಂದ ನನ್ನ ಕಾಲಿಗೆ ತಿಳುವಳಿಕೆ ಬಂದಿತ್ತು. ತಲೆಗೆ ಬಂದಿರಲಿಲ್ಲ. ಅದು ಮುಂದೆ ನಿಮಗೇ ಗೊತ್ತಾಗುತ್ತದೆ.

ರೋಣದ ಮನೆಗೆ ಸೊಸೆಯಾಗಿ ಬಂದಾಗ ಅಲ್ಲಿ ಚೆನ್ನವ್ವ ಆಗಲೇ ಇದ್ದಳು. ಅವಳು ಗಜೇಂದ್ರಗಡದವಳು, ನೇಕಾರರ ಓಣಿಯಲ್ಲಿ ಬೆಳೆದವಳು. ಅವಳು ನೂಲು ತೆಗೆದರೆ ಕಣ್ಣಿಗೆ ಕಾಣುವುದೇ ಕಷ್ಟ, ಜಗ್ಗಿದರೆ ಹರಿಯುತ್ತಿರಲಿಲ್ಲ. ಅವಳ ಊರಿನ ನೇಕಾರರು ಸಂತೆಗೆ ಬಂದರೆ ನಮ್ಮ ಮನೆಗೆ ಬಂದು, "ಚೆನ್ನವ್ವನ ನೂಲು ಐತೇನ್ರಿ?" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ನೂಲುವಾಗ ಬಲಗೈ ರಾಟಿ ತಿರುಗಿಸುತ್ತದೆ. ಎಳೆ ತೆಗೆಯುವುದು ಎಡಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ನಡುವೆ ಎಳೆ ಹುಟ್ಟುತ್ತದೆ. ಅವಳ ಪಕ್ಕ ಕೂತು ನಾನೂ ನೂಲುತ್ತಿದ್ದೆ. ನನ್ನ ನೂಲನ್ನು ಅತ್ತೆ ದನ ಕಟ್ಟುವ ಕಣ್ಣಿ ಹೊಸೆಯಲು ತೆಗೆದಿಡುತ್ತಿದ್ದಳು.

ಆಗ ಸರಕಾರದವರು ವಿಲಾಯ್ತಿ ಹತ್ತಿ ಬಿತ್ತಿರಿ ಎಂದು ಊರೂರಿಗೆ ಬೀಜ ಕೊಟ್ಟಿದ್ದರು. ನಮ್ಮ ಮಾವ ಅರ್ಧ ಹೊಲಕ್ಕೆ ಅದನ್ನೇ ಹಾಕಿಸಿದ. ಆ ಹತ್ತಿಯ ಕಾಳಿಗೆ ಅರಳೆ ಅಂಟಿಕೊಂಡು ಬಿಟ್ಟಿರುತ್ತದೆ, ಕಾಲಿನ ಸಲಾಕೆಗೆ ಬರುವುದಿಲ್ಲ. ಅದಕ್ಕೆಂದೇ ಧಾರವಾಡದಿಂದ ಎರಡು ಎತ್ತಿನ ಬಂಡಿಯಲ್ಲಿ ಗರಗಸದ ರಾಟಿ ಬಂತು. ಆಳುದ್ದದ ಪೆಟ್ಟಿಗೆ. ಒಳಗೆ ಒಂದು ದಿಂಡು, ದಿಂಡಿನ ತುಂಬ ರೊಟ್ಟಿಯಗಲದ ಉಕ್ಕಿನ ಬಿಲ್ಲೆಗಳು, ಬಿಲ್ಲೆಗಳ ಅಂಚಿಗೆಲ್ಲ ಗರಗಸದ ಹಲ್ಲು. ಮುಂದುಗಡೆ ಕಬ್ಬಿಣದ ಕಂಬಿಗಳ ಒಂದು ಬಾಗಿಲು. ಕಂಬಿಗಳ ಸಂದಿಯಿಂದ ಹಲ್ಲುಗಳು ಇಣುಕಿ, ಅರಳೆಯನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದವು, ಕಾಳು ಕೆಳಗೆ ಉದುರುತ್ತಿತ್ತು. ಪಕ್ಕದಲ್ಲಿ ಭಾರದ ಗಾಲಿ, ಅದಕ್ಕೊಂದು ಹಿಡಿಕೆ. ಕಂಬಿಯ ಬಾಗಿಲನ್ನು ನಾಲ್ಕು ಮೂಲೆಗೆ ನಾಲ್ಕು ತಿರುಪು ಹಾಕಿ ಬಿಗಿದಿದ್ದರು. ರಾಟಿಯ ಜೊತೆ ಬಂದ ಧಾರವಾಡದ ಮಿಸ್ತ್ರಿ ನಮ್ಮ ಕಂಬಾರ ಈರಪ್ಪನಿಗೆ ಟೊಪ್ಪಿಗೆ ಬಿಚ್ಚುವುದನ್ನು ಒಂದು ಸಲ ತೋರಿಸಿ, ಬಾಯಿ ತೆರೆದ ಮೀನಿನಂಥ ಒಂದು ಕಬ್ಬಿಣದ ಪಾನಾ ಕೊಟ್ಟು, ಊಟ ಮಾಡಿ ಹೋದ. ಆಮೇಲೆ ಅವನನ್ನು ನಾವು ನೋಡಲಿಲ್ಲ.

ಮೊದಲ ಬೇಸಿಗೆ ರಾಟಿ ಚೆನ್ನಾಗಿ ನಡೆಯಿತು. ಮಳೆಗಾಲದಲ್ಲಿ ಅಂಕಣದ ಮೂಲೆಗೆ ನೂಕಿಟ್ಟರು. ಮಹಾನವಮಿ ಬಂತು. ಮನೆಯಲ್ಲಿ ಕಬ್ಬಿಣ ಎಂಬುದು ಏನೇನಿದೆಯೋ ಎಲ್ಲಕ್ಕೂ ಅವತ್ತು ಪೂಜೆ. ಕುಡುಗೋಲು, ಕೊಡಲಿ, ಕುಂಟೆಯ ಕುಡ, ಎಲ್ಲ ಸಾಲಾಗಿ ಕೂತಿದ್ದವು. ಅತ್ತೆ ರಾಟಿಯನ್ನು ಬಿಟ್ಟಾಳೆಯೇ? ನಾಲ್ಕು ತಿರುಪಿಗೂ ವಿಭೂತಿ, ಕುಂಕುಮ ಇಟ್ಟು, ಒಂದೊಂದಕ್ಕೂ ಬೆಲ್ಲ ತುಪ್ಪ ಮೆತ್ತಿ ನೈವೇದ್ಯ ಮಾಡಿದಳು. "ತಿರುಗೂ ಸಾಮಾನು ಐತಿ. ಬಾಯಿಗೆ ಸಿಹಿ ಬೀಳಬೇಕು," ಎಂದಳು.

ಎರಡು ದಿನಕ್ಕೆ ಇರುವೆ ಬಂದವು. ಮೂರು ತಿರುಪುಗಳನ್ನು ನೆಕ್ಕಿ ಹೋದವು. ಕೆಳಗಿನ ಬಲಮೂಲೆಯ ನಾಲ್ಕನೆಯದರ ಟೊಪ್ಪಿಗೆಯ ಹಿಂದೆ ಸಣ್ಣ ಸಂದಿ ಇತ್ತು, ಅದರೊಳಗೆ ಮನೆ ಮಾಡಿಕೊಂಡು ಕೂತವು. ಅಂಕಣ ಸಾರಿಸಲು ಹೋದ ನನಗೆ ದಿನಾ ಕಾಲಿಗೆ ಕಡಿಯುತ್ತಿದ್ದವು. ಅದೇ ಹೊತ್ತಿಗೆ ಮನೆಯ ಮಾಳಿಗೆ ಸೋರುತ್ತದೆ ಎಂದು ಗೌಂಡಿಯನ್ನು ಕರೆಸಿ ಗಚ್ಚು ಅರೆಸುತ್ತಿದ್ದರು. ಗಚ್ಚು ಎಂದರೆ ಸುಣ್ಣ, ಮರಳು, ಬೆಲ್ಲದ ನೀರು ಹಾಕಿ ದಿನಗಟ್ಟಲೆ ಅರೆದದ್ದು. ಒಣಗಿದರೆ ಕಲ್ಲು. ಅಳತೆ ಮಾಡಿ ಅರೆಸಿದ್ದಾರೆ, ಯಾರೂ ಮುಟ್ಟಬಾರದು ಎಂದು ಅತ್ತೆ ಹೇಳಿದ್ದಳು. ನಾನು ಒಂದು ಮುಷ್ಟಿ ತೆಗೆದುಕೊಂಡು ಬಂದು ಆ ತಿರುಪಿನ ಸುತ್ತ, ಟೊಪ್ಪಿಗೆಯ ಹಿಂದೆ, ಮುಂದೆ, ಗೋಡೆಯ ಬಿರುಕು ಮುಚ್ಚಿದ ಹಾಗೆ ತುರುಕಿದೆ. ಬೆರಳಿಗೆ ನೀರು ಹಚ್ಚಿಕೊಂಡು ನುಣ್ಣಗೆ ತೀಡಿದೆ. ಇರುವೆ ಹೋದವು. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದುಕೊಂಡೆ. ಚಳಿಗಾಲ ಮುಗಿಯುವಷ್ಟರಲ್ಲಿ ಹೊಗೆ, ಎಣ್ಣೆ, ಧೂಳು ಕೂತು ಅದೂ ಕಬ್ಬಿಣದಷ್ಟೇ ಕಪ್ಪಾಯಿತು. ನಾನು ಮರೆತೆ.

ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು. ಅಂಕಣದ ತುಂಬ ಹತ್ತಿ. ನನ್ನ ಗಂಡ ಬಂಡಿ ಹೊಡೆದುಕೊಂಡು ನರಗುಂದಕ್ಕೆ ಹೋಗಿದ್ದ. ಚೆನ್ನವ್ವನ ಗಂಡ, ನಮ್ಮ ಭಾವ, ಗಾಲಿ ತಿರುಗಿಸುತ್ತಿದ್ದ. ನಾನು ಹತ್ತಿ ಕೊಡುತ್ತಿದ್ದೆ. ಚೆನ್ನವ್ವ ಕೆಳಗೆ ಕೂತು ಕಾಳು ಬಳಿಯುತ್ತಿದ್ದಳು. ಕಂಬಿಗಳ ಬುಡದಲ್ಲಿ ಕಾಳು ಸಿಕ್ಕಿಕೊಂಡರೆ ಕಡ್ಡಿಯಿಂದ ಎಬ್ಬಿಸಬೇಕು. ಚೆನ್ನವ್ವ ಬೆರಳು ಹಾಕುತ್ತಿದ್ದಳು.

"ಕಡ್ಡಿ ತಗೋಳವಾ," ಎಂದೆ.

"ಕಡ್ಡಿಗೇನು ಕಣ್ಣ ಅದಾವ? ನನ್ನ ಬಟ್ಟು ಶಾಣ್ಯಾ ಅದಾವ," ಎಂದಳು.

ಅವಳು ಎಡಗೈ ಬೆರಳೆರಡನ್ನು ಕೆಳಗಿನಿಂದ ತೂರಿಸಿದಾಗ ರಾಟಿ ನಿಂತಿತ್ತು. ಭಾವ ಹಿಡಿಕೆ ಬಿಟ್ಟು ಮುಖದ ಬೆವರು ಒರೆಸಿಕೊಳ್ಳುತ್ತಿದ್ದ. ಭಾರದ ಗಾಲಿ ಯಾರೂ ಮುಟ್ಟದೆ ತಾನೇ ಅರ್ಧ ಸುತ್ತು ಇಳಿಯಿತು. ಚೆನ್ನವ್ವ ಚೀರಲಿಲ್ಲ. "ಹಿಡೀರಿ" ಎಂದಳು, ಅಷ್ಟೇ. ಭಾವ ಹಾರಿ ಹಿಡಿಕೆ ಹಿಡಿದ. ತೋರುಬೆರಳು, ನಡುಬೆರಳು ಎರಡೂ ಎರಡು ಬಿಲ್ಲೆಗಳ ನಡುವೆ ಹೋಗಿ ಕಂಬಿಗೆ ಒತ್ತಿ ನಿಂತಿದ್ದವು. ಹತ್ತಿಗೆ ಕೆಂಪು ಹತ್ತುತ್ತಿತ್ತು.

ಮಾವ ಹೊಲದಿಂದ ಬಂದ. ಈರಪ್ಪ ತನ್ನ ಕುಲುಮೆಯಿಂದ ಓಡಿ ಬಂದ. ಈರಪ್ಪ ನೆಲಕ್ಕೆ ಕೆನ್ನೆ ಹಚ್ಚಿ ಕೆಳಗಿನಿಂದ ನೋಡಿದ, ಎದ್ದು ಮೀಸೆ ಒರೆಸಿಕೊಂಡ.

"ಗಾಲಿ ಯಾರೂ ಮುಟ್ಟಬ್ಯಾಡ್ರಿ. ಮುಂದ ತಿರುವಿದ್ರ ಹಲ್ಲು ಕೊಯ್ತಾವ, ಹಿಂದ ತಿರುವಿದ್ರ ಎಲುಬು ಮುರೀತೈತಿ. ಕಂಬಿ ಬಾಗಲಾ ಬಿಚ್ಚಿ ಎತ್ತಬೇಕು. ಆಗ ಬಟ್ಟು ತಾವ ಸಡಲಾಗ್ತಾವ."

"ಲಗೂ ಬಿಚ್ಚಲಾ ಮತ್ತ," ಎಂದ ಮಾವ.

ಗಾಲಿ ಅಲುಗದಂತೆ ಹಿಡಿಕೆಯನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಮೇಲಿನ ಎರಡು ತಿರುಪು ಕುಸುಬಿ ಎಣ್ಣೆ ಹಾಕಿ, ಒಂದೊಂದು ಸಣ್ಣ ಪೆಟ್ಟು ಕೊಟ್ಟ ಕೂಡಲೇ ಬಂದವು. ಮೂರನೆಯದು ಸ್ವಲ್ಪ ಸತಾಯಿಸಿ ಬಂತು. ನಾಲ್ಕನೆಯದು ಬರಲಿಲ್ಲ. ಪಾನಾ ಹಾಕಿ ಈರಪ್ಪ ಜಗ್ಗಿದ, ಭಾವ ಜಗ್ಗಿದ, ಇಬ್ಬರೂ ಕೂಡಿ ಜಗ್ಗಿದರು. ಅಲುಗಲಿಲ್ಲ.

"ಜಂಗು ಹಿಡದೈತಿ," ಎಂದ ಈರಪ್ಪ. ತುಕ್ಕು ಸಡಿಲಾಗಲೆಂದು ಎಣ್ಣೆ ಸುರಿದ. ಎಣ್ಣೆ ಒಳಗೆ ಹೋಗದೆ ಕೆಳಗೆ ಸೋರಿತು. ಕಾಯಿಸಿದರೆ ಬರುತ್ತದೆ ಎಂದ. ಆಮೇಲೆ ಸುತ್ತ ಬಿದ್ದ ಹತ್ತಿ ನೋಡಿ, ಚೆನ್ನವ್ವನ ಕೈ ನೋಡಿ, ಬೆಂಕಿಯ ಮಾತು ತಾನೇ ಬಿಟ್ಟ. ಸುತ್ತಿಗೆ ತೆಗೆದುಕೊಂಡ. ಟೊಪ್ಪಿಗೆಯ ಮಗ್ಗುಲಿಗೆ ಹೊಡೆದರೆ ಜಂಗು ಬಿರಿಯುತ್ತದೆ ಎಂಬುದು ಅವನ ಲೆಕ್ಕ. ಅದು ಸರಿಯಾದ ಲೆಕ್ಕವೇ, ಜಂಗು ಇದ್ದಿದ್ದರೆ. ಪ್ರತಿ ಪೆಟ್ಟೂ ಬಾಗಿಲಿನ ಕಬ್ಬಿಣದಲ್ಲಿ ಹಾಯ್ದು ಕಂಬಿಗೆ ಹೋಗುತ್ತಿತ್ತು, ಕಂಬಿಯಿಂದ ಅವಳ ಬೆರಳಿಗೆ. ಅವಳ ಮೈ ಪ್ರತಿ ಸಲ ಕುಣಿಯುತ್ತಿತ್ತು.

ನಾನು ತಂಬಿಗೆಯಲ್ಲಿ ನೀರು ಹಿಡಿದು ಅವಳ ಪಕ್ಕ ನಿಂತಿದ್ದೆ. ನಾಲ್ಕೈದು ಪೆಟ್ಟು ಆಗಿರಬೇಕು. ತಿರುಪಿನಿಂದ ಒಂದು ಚೂರು ಹಾರಿ ನನ್ನ ಪಾದದ ಹತ್ತಿರ ಬಿತ್ತು. ಹೊರಗೆ ಕಪ್ಪು, ಒಡೆದ ಕಡೆ ಬೆಳ್ಳಗೆ. ಅದನ್ನು ನೋಡಿದೆ. ಮಹಾನವಮಿ, ಇರುವೆ, ಮುಷ್ಟಿಯಲ್ಲಿ ಗಚ್ಚು, ಎಲ್ಲ ಒಂದೇ ಉಸಿರಿಗೆ ನೆನಪಾಯಿತು.

ನಾನು ಆ ಚೂರಿನ ಮೇಲೆ ಕಾಲಿಟ್ಟೆ.

ಇದನ್ನು ಓದಿ ನೀವು ನನ್ನ ಬಗ್ಗೆ ಏನು ಅಂದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಅಂದುಕೊಳ್ಳಿರಿ. ಮದುವೆಯಾಗಿ ಮೂರು ವರ್ಷವಾಗಿತ್ತು, ಹೊಟ್ಟೆ ತೆರೆದಿರಲಿಲ್ಲ. ಇನ್ನೊಂದು ನೆಪ ಸಿಕ್ಕರೆ ಸಾಕು, ಇವಳನ್ನು ಸೂಡಿಗೆ ಕಳಿಸಿ ಬೇರೆ ಹೆಣ್ಣು ತರೋಣ ಎಂದು ಅತ್ತೆ ಬಾಯಿಬಿಟ್ಟು ಆಡಿದ್ದಳು. ಈಗ ಮನೆಯ ಹಿರಿಯ ಸೊಸೆಯ ಕೈ ಹೋಗುವುದು ನನ್ನಿಂದ ಎಂದು ಗೊತ್ತಾದರೆ ಬಂಡಿ ಹೂಡಲು ಸಂಜೆಯವರೆಗೂ ಕಾಯುತ್ತಿರಲಿಲ್ಲ. ಇಷ್ಟು ನನ್ನ ತಲೆಯಲ್ಲಿತ್ತು. ಚೆನ್ನವ್ವನ ಬೆರಳೂ ನನ್ನ ತಲೆಯಲ್ಲಿ ಇದ್ದವು. ಎರಡನ್ನೂ ತೂಗುತ್ತ ನಿಂತೆ. ತೂಗುವಷ್ಟು ಹೊತ್ತೂ ಈರಪ್ಪ ಹೊಡೆಯುತ್ತಿದ್ದ. ಆ ಸುತ್ತಿಗೆ ತಾನಾಗಿ ಒಮ್ಮೆ ಬಿಡಿಸೀತು, ನಾನು ಬಾಯಿ ಬಿಡುವುದು ಉಳಿದೀತು ಎಂದು ಪ್ರತಿ ಪೆಟ್ಟಿಗೂ ಅಂದುಕೊಂಡೆ.

ಕೊನೆಗೆ ಈರಪ್ಪ ಸುತ್ತಿಗೆ ಕೆಳಗಿಟ್ಟ. "ತಿರುಪನ್ನ ಕೊರದು ತಗೀಬೇಕು ಧಣೀರ. ಸಂಜಿ ಆಗ್ತೈತಿ."

ಚೆನ್ನವ್ವನ ಬೆರಳು ನೀಲಿಯಾಗಿದ್ದವು. ಮಾವ ಅವನ್ನು ನೋಡಿ, ಬೇರೆ ಕಡೆ ನೋಡಿ, "ಸಂಜೀತನಾ ಇಟ್ರ ಕೈಯೆಲ್ಲಾ ನಂಜಾಗ್ತೈತಿ," ಎಂದ. ಭಾವನಿಗೆ ಹೇಳಿದ, "ಹೋಗು, ಹಜಾಮನ್ನ ಕರಕೊಂಡು ಬಾ. ಕತ್ತಿ ತರಾಕ ಹೇಳು." ನಮ್ಮಲ್ಲಿ ಆಗ ಹುಣ್ಣು ಕೊಯ್ಯುವವನೂ, ಕೊಳೆತ ಬೆರಳು ತೆಗೆಯುವವನೂ ಅವನೇ.

ಭಾವ ಹೊರಟ. ಆಗ ಚೆನ್ನವ್ವ ಮಾತಾಡಿದಳು. ಮಾವನ ಎದುರು ಅವಳು ಅಲ್ಲಿಯತನಕ ಎಂದೂ ಬಾಯಿ ತೆರೆದಿರಲಿಲ್ಲ.

"ಮಾವಾ, ಎಡಗೈ ತಗೀಬ್ಯಾಡ್ರಿ. ಬೇಕಾದ್ರ ಬಲಗೈ ತಗೀರಿ. ಬಲಗೈ ಬರೇ ರಾಟಿ ತಿರುಗಸ್ತೈತಿ, ಅದನ್ನ ಯಾರರ ತಿರುಗಿಸಿ ಕೊಡ್ತಾರ. ಎಳಿ ತಗಿಯೂದು ಎಡಗೈರಿ."

"ಸಿಕ್ಕದ್ದು ಎಡಗೈ ಐತೆವಾ," ಎಂದ ಮಾವ.

"ನನಗೂ ಗೊತ್ತೈತ್ರಿ," ಎಂದಳು ಅವಳು.

ನಾನು ತಂಬಿಗೆ ಕೆಳಗಿಟ್ಟು ಹೇಳಿದೆ. "ಜಂಗ ಅಲ್ರಿ ಅದು. ಗಚ್ಚು. ಮಹಾನವಮಿ ಆದ ಮ್ಯಾಲ ಇರುವಿ ಆಗಿದ್ದೂವಂತ ನಾನ ತುಂಬಿದ್ದೆ."

ಯಾರಿಗೂ ಒಮ್ಮೆಲೇ ತಿಳಿಯಲಿಲ್ಲ. ಈರಪ್ಪನಿಗೆ ತಿಳಿಯಿತು. ಹಣೆ ಬಡಿದುಕೊಂಡ.

"ಗಚ್ಚು? ಹಂಗಾದ್ರ ಇಷ್ಟೊತ್ತು ನಾ ಗ್ವಾಡಿಗೆ ಎಣ್ಣಿ ಕುಡಿಸಾಕತ್ತೇನಿ! ಯವ್ವಾ, ಕಬ್ಬಿಣದ ಭಾಷಾ ನನಗ ಬರತೈತಿ, ಗೌಂಡಿ ಭಾಷಾ ಬರೂದಿಲ್ಲ. ಸುಣ್ಣ ಹುಳಿಗೆ ಕರಗತೈತಿ. ಹುಣಸಿಹಣ್ಣು ಕುದಿಸ್ರಿ, ಲಗೂ!"

"ಗಚ್ಚು ಮುಟ್ಟಬ್ಯಾಡ ಅಂದಿದ್ನಿಲ್ಲೋ ನಾ?" ಎಂದಳು ಅತ್ತೆ. ಅವಳಿಗೆ ಅದೇ ಮೊದಲು ಹೊಳೆಯಿತು. "ಇರುವಿ ಬಂದ್ರ ಅರಿಷಿಣ ಹಾಕಬೇಕು. ನಿಮ್ಮ ಸೂಡ್ಯಾಗ ಅರಿಷಿಣ ಇಲ್ಲೇನು?"

"ನೈವೇದ್ಯದ ಬೆಲ್ಲಾ ಮೆತ್ತಿದಾಕಿ ನೀನ," ಎಂದ ಮಾವ. "ಒಲಿ ಹಚ್ಚು, ಹೋಗು."

ಹುಳಿ ನೀರು ಹೊಯ್ದರೆ ಹತ್ತಲೊಲ್ಲದು. ಸುರಿದ ಎಣ್ಣೆಯೆಲ್ಲ ಗಚ್ಚಿನ ಮೇಲೆ ಕೂತಿತ್ತು. ಬೂದಿ ಹಾಕಿ ತಿಕ್ಕಿ, ಮೊದಲು ಎಣ್ಣೆ ತೆಗೆಯಬೇಕಾಯಿತು. ನಾನು ಮೊದಲೇ ಹೇಳಿದ್ದರೆ ಇದಕ್ಕೆ ಹಿಡಿದ ಹೊತ್ತೂ ಉಳಿಯುತ್ತಿತ್ತು. ಆಮೇಲೆ ಕುದಿಯುವ ಹುಳಿ ಹೊಯ್ದಾಗ ಸಣ್ಣಗೆ ನೊರೆ ಎದ್ದಿತು. ದಬ್ಬಣದಿಂದ ಕೆದರಿದೆ. ಮತ್ತೆ ಹೊಯ್ದೆ, ಮತ್ತೆ ಕೆದರಿದೆ. ಬೆರಳಿನಿಂದ ಅಷ್ಟು ನುಣ್ಣಗೆ ತೀಡಿದ್ದನ್ನು ಕಣ ಕಣವಾಗಿ ತೆಗೆದೆ. ಟೊಪ್ಪಿಗೆಯ ನಾಲ್ಕು ಮಗ್ಗುಲು ಕಂಡವು. ಗೆರೆಗಳ ಒಳಗೆ ಇದ್ದದ್ದು ಮಾತ್ರ ಒಳಗೇ ಉಳಿಯಿತು.

ಹಜಾಮ ಬಂದು ಹೊಸ್ತಿಲ ಹೊರಗೆ ಕೂತು ಕತ್ತಿ ಮಸೆಯತೊಡಗಿದ್ದ. ಭಾವ ಬಂದು ಪಾನಾ ಹಿಡಿದು ಜಗ್ಗಿದ. ಪಾನಾ ಜಾರಿ ಕಂಬಿಗೆ ಬಡಿಯಿತು. ಚೆನ್ನವ್ವ ಅವತ್ತು ಮೊದಲ ಸಲ ಚೀರಿದಳು.

"ಜಗ್ಗಬ್ಯಾಡ್ರಿ!" ಎಂದ ಈರಪ್ಪ. "ಜಗ್ಗಿದ್ರ ಜಾರತೈತಿ. ಭಾರ ಹಾಕಬೇಕು, ಮೆಲ್ಲಕ, ಒಂದ ಸಮ. ಮೊದಲ ಒಂದು ಕೂದಲೆಳಿಯಷ್ಟು ಬಿಗಿ ಮಾಡಬೇಕು. ಒಳಗಿಂದು ಪುಡಿ ಆಗ್ತೈತಿ. ಆಮ್ಯಾಲ ಬಿಚ್ಚಬೇಕು. ಗಂಡಸರ ಕೈಗೆ ಇದು ಬರೂದಿಲ್ಲ. ನನ್ನ ಕೈಗೂ ಬರವಲ್ದು, ಸುತ್ತಿಗಿ ಹೊಡದು ಸೋತಾವ."

ಪಾನಾದ ಹಿಡಿಕೆ ನನ್ನ ಮೊಣಕಾಲಿನ ಎತ್ತರಕ್ಕೆ, ಎಡಕ್ಕೆ ಚಾಚಿಕೊಂಡಿತ್ತು. ನೋಡಿದೆ. ಕೆಳಗೆ ಒತ್ತಿದರೆ ಬಿಚ್ಚುತ್ತದೆ, ಮೇಲೆ ಎತ್ತಿದರೆ ಬಿಗಿಯುತ್ತದೆ.

"ನಾ ಕಾಲಿಲೆ ಮಾಡ್ತೇನಿ," ಎಂದೆ.

"ಪೂಜಿ ಮಾಡಿದ ಸಾಮಾನಿಗೆ ಕಾಲಾ? ಮಾವನ ಮುಂದ ಕಾಲ ಎತ್ತತಿಯೇನ?" ಎಂದಳು ಅತ್ತೆ.

ಮಾವ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ.

ಈರಪ್ಪ ಹಿಡಿಕೆಗೆ ಒಂದು ಬಿದಿರಿನ ಗಳದ ಟೊಳ್ಳು ತುಂಡು ಏರಿಸಿ ಉದ್ದ ಮಾಡಿದ. ನಾನು ಸೀರೆ ಕಚ್ಚೆ ಬಿಗಿದು, ಹತ್ತಿ ತುಂಬಿದ ಅಂಡಿಗೆಯ ಮೇಲೆ ಕೂತು, ಪಾದದ ಬೆನ್ನನ್ನು ಗಳದ ಕೆಳಗೆ ಕೊಟ್ಟು ಮೆಲ್ಲಗೆ ಎತ್ತಿದೆ. ಒಳಗೆ ಕರಕ್ ಎಂದಿತು, ಹಲ್ಲಿಗೆ ಮರಳು ಸಿಕ್ಕ ಹಾಗೆ. ಆಮೇಲೆ ಹಿಮ್ಮಡಿ ಮೇಲಿಟ್ಟೆ. ಜವಾರಿ ಹತ್ತಿಯ ಕಾಳು ಒಡೆಯಬಾರದು, ಅರಳೆ ಬಿಡಬೇಕು ಎಂಬಷ್ಟು ಒತ್ತು, ಅದಕ್ಕೂ ಒಂದು ಕಾಳು ಹೆಚ್ಚು. ಇನ್ನೊಂದು ಕಾಳು. ಬರಲಿಲ್ಲ. ಮತ್ತೆ ಎತ್ತಿ, ಮತ್ತೆ ಒತ್ತಿದೆ. ಹುಳಿ ಹೊಯ್ಯಿರಿ ಎಂದೆ. ಹೊಯ್ದರು. ಹೀಗೆ ಎಷ್ಟು ಸಲವೋ. ಹೊರಗೆ ಕತ್ತಿ ಮಸೆಯುವ ಸಪ್ಪಳ ನಡೆದೇ ಇತ್ತು. ಒಂದು ಸಲ ಹಿಮ್ಮಡಿಯ ಕೆಳಗೆ ಗಳ ತುಸು ಕೆಳಗಿಳಿದಂತಾಯಿತು. ನನ್ನ ಕಾಲಿಗೆ ಮೊದಲು ಗೊತ್ತಾಯಿತು, ಆಮೇಲೆ ಈರಪ್ಪನ ಕಣ್ಣಿಗೆ.

"ಬಂತು," ಎಂದ ಅವನು ಪಿಸುಮಾತಿನಲ್ಲಿ, ಗಟ್ಟಿಯಾಗಿ ಹೇಳಿದರೆ ಮತ್ತೆ ಬಿಗಿದುಕೊಂಡೀತು ಎಂಬಂತೆ.

ಟೊಪ್ಪಿಗೆ ಬಿಚ್ಚಿ, ಬಾಗಿಲು ಎತ್ತಿದರು. ಚೆನ್ನವ್ವನ ಕೈ ಹೊರಗೆ ಬಂತು. ಹಜಾಮ ಒಳಗೆ ಬಂದು ನೋಡಿ, ಕತ್ತಿ ಚೀಲಕ್ಕೆ ಹಾಕಿ, ಅರಿಷಿಣ ತುಪ್ಪ ಹಚ್ಚಿ ಬಿದಿರಿನ ಸೀಳು ಕಟ್ಟಿದ. ಎಂಟು ದಿನಕ್ಕೆ ಕಟ್ಟು ಬಿಚ್ಚಿದಾಗ ತೋರುಬೆರಳು ಉಳಿದಿತ್ತು. ನಡುಬೆರಳಿನ ತುದಿಯ ಗೆಣ್ಣು ಕಪ್ಪಾಗಿತ್ತು. ಅದಷ್ಟನ್ನು ಅವನು ತೆಗೆದ. ಉಳಿದ ಬೆರಳು ಮುಂದೆ ಎಂದೂ ಮಡಚಲಿಲ್ಲ.

ಕೈ ವಾಸಿಯಾದ ಮೇಲೆ ಚೆನ್ನವ್ವ ನೂಲಲು ಕೂತಳು. ಎಳೆ ಬಂತು. ನನ್ನ ಎಳೆಗಿಂತ ಚಲೋ ಇತ್ತು, ಆದರೆ ಅದು ಚೆನ್ನವ್ವನ ನೂಲಾಗಿರಲಿಲ್ಲ. ಗಜೇಂದ್ರಗಡದ ನೇಕಾರರು ಒಂದು ಸಂತೆಗೆ ಬಂದು ಬೆರಳಲ್ಲಿ ತೀಡಿ ನೋಡಿದರು, "ಇರಲಿ ಬಿಡ್ರಿ, ಮುಂದಿನ ಸಲ," ಎಂದರು. ಮುಂದಿನ ಸಲ ಕೇಳಲಿಲ್ಲ. ಅವಳು ನೂಲುವ ರಾಟಿಯನ್ನು ಅಟ್ಟಕ್ಕೆ ಹಾಕಿದಳು. ಅತ್ತಿದ್ದನ್ನು ನಾನು ನೋಡಲಿಲ್ಲ.

ನನ್ನನ್ನು ಸೂಡಿಗೆ ಕಳಿಸಲಿಲ್ಲ. ಗಚ್ಚು ತುಂಬಿದವಳು ನಾನೇ, ಬಿಚ್ಚಿದವಳೂ ನಾನೇ ಎಂದು ಮನೆಯಲ್ಲಿ ಮಾತು ಮುಗಿಯಿತು. ಚೆನ್ನವ್ವ ಮಾತ್ರ ಕಟ್ಟು ಬಿಚ್ಚಿದ ಮರುದಿನ ಬಾವಿಯ ಹತ್ತಿರ ಕೇಳಿದಳು.

"ನಿನಗ ಯಾವಾಗ ನೆನಪಾತು?"

"ನೀ ಬಲಗೈ ತಗೀರಿ ಅಂದಿ ನೋಡು, ಆವಾಗ," ಎಂದೆ.

ಅವಳು ನಂಬಿದಳು. ನಂಬಿದ್ದರೆ ಸಾಕಿತ್ತು, ಊರಿಗೆಲ್ಲ ಹೇಳತೊಡಗಿದಳು. ಬಂದವರಿಗೆ, ಹೋದವರಿಗೆ, ಬೀಗರಿಗೆ, ಬೆರಳು ತೋರಿಸಿ ಹೇಳುತ್ತಿದ್ದಳು, "ನನ್ನ ತಂಗಿಗೆ ವ್ಯಾಳ್ಯಾಕ್ಕ ಸರಿಯಾಗಿ ನೆನಪಾತು, ಇಲ್ಲಂದ್ರ ನನ್ನ ಕೈ ಇರತಿದ್ದಿಲ್ಲ." ನನ್ನ ಗಂಡ ಸತ್ತಾಗ, ಮಕ್ಕಳಿಲ್ಲದವಳನ್ನು ತವರಿಗೆ ಕಳಿಸೋಣ ಎಂದವರಿಗೆಲ್ಲ ಆ ಬೆರಳನ್ನೇ ತೋರಿಸಿ ನನ್ನನ್ನು ಉಳಿಸಿಕೊಂಡಳು. ನಾನು ಅವಳ ಮನೆಯಲ್ಲಿ ಉಂಡದ್ದು ಆ ಮಾತಿನ ಮೇಲೆ. ಹೊಳೆಆಲೂರಿಗೆ ರೈಲು ಬಂತು, ಅತ್ತೆ ಮಾವ ಹೋದರು, ಈರಪ್ಪ ಹೋದ, ಗರಗಸದ ರಾಟಿಯನ್ನು ಹಳೆಯ ಕಬ್ಬಿಣಕ್ಕೆ ಹಾಕಿದರು. ಆ ಮಾತು ಹಾಗೇ ಇತ್ತು.

ಹನ್ನೆರಡು ದಿನದ ಹಿಂದೆ, ಕಂದೀಲಿನ ಬುರುಡೆ ಬಿಟ್ಟ ಮೇಲೆ, ಚೆನ್ನವ್ವ ಸೊಸೆಗೆ ಅದೇ ಕತೆ ಹೇಳಿದಳು. ಸೊಸೆ ಮೊದಲೇ ಹತ್ತು ಸಲ ಕೇಳಿದ್ದಳು, ಹೂಂ ಹೂಂ ಎಂದು ಕಂದೀಲು ಒರೆಸಿಕೊಂಡು ಒಳಗೆ ಹೋದಳು. ಹುಳಿ ವಾಸನೆ ಇನ್ನೂ ಇತ್ತು. ಅದಕ್ಕೋ, ಅಥವಾ ಇನ್ನು ಸುಳ್ಳಿನಿಂದ ನನಗೆ ಆಗುವ ಲಾಭ ಏನೂ ಉಳಿದಿಲ್ಲ ಎನ್ನಿಸಿತೋ, ಹೇಳಿಬಿಟ್ಟೆ.

"ನನಗ ಮೊದಲ ನೆನಪಾಗಿತ್ತು. ಗಚ್ಚಿನ ಚೂರು ಬಿದ್ದಿತ್ತು. ಅದರ ಮ್ಯಾಲ ಕಾಲಿಟ್ಟು ನಿಂತಿದ್ದೆ."

ಅವಳು ಮೊರವನ್ನು ಕೆಳಗಿಟ್ಟಳು. ಈ ವಯಸ್ಸಿಗೆ ನಕ್ಕುಬಿಡುತ್ತಾಳೆ, ಇಲ್ಲವೇ ಆದದ್ದಾಯಿತು ಬಿಡು ಎನ್ನುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಸುಳ್ಳು ಹೇಳಿದವರು ಹೀಗೇ ಅಂದುಕೊಳ್ಳುತ್ತಾರೆ.

"ಹತ್ತೊಂಬತ್ತು ಪೆಟ್ಟು ಹೊಡದ ಈರಪ್ಪ," ಎಂದಳು. "ಆ ನಾಕನೇ ತಿರುಪಿಗೆ. ನಾ ಎಣಿಸೇನಿ. ಎಣಸೂದು ಬಿಟ್ರ ನನಗ ಬ್ಯಾರೆ ಏನೂ ಕೆಲಸ ಇದ್ದಿಲ್ಲ ಅವತ್ತು. ಅದರಾಗ ನಿನ್ನವು ಎಷ್ಟ?"

"ಮೊದಲಿನ ನಾಕೈದು ಬಿಟ್ಟು, ಎಲ್ಲಾ."

"ನಾಕೋ, ಐದೋ?"

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಇಷ್ಟಾದರೂ ಸರಿಯಾಗಿ ಹೇಳಬೇಕಿತ್ತು.

"ನಾಕು."

"ಹಂಗಾದ್ರ ಹದಿನೈದು," ಎಂದಳು ಚೆನ್ನವ್ವ. ಹೆಸರಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಸೊಸೆ ಏನಾಯಿತು ಎಂದು ಇಬ್ಬರನ್ನೂ ಕೇಳಿ ಸುಮ್ಮನಾಗಿದ್ದಾಳೆ. ಈ ಮನೆಯಲ್ಲಿ ರೊಟ್ಟಿ ತಟ್ಟುವುದು ಇವತ್ತಿಗೂ ಚೆನ್ನವ್ವನೇ, ಆ ಮಡಚದ ಬೆರಳನ್ನು ಮೇಲೆತ್ತಿಕೊಂಡು, ಚಂದ್ರನ ಹಾಗೆ ದುಂಡಗೆ ತಟ್ಟುತ್ತಾಳೆ. ಎಲ್ಲರಿಗೂ ತಟ್ಟುತ್ತಾಳೆ. ನನ್ನ ಪಾಲಿನ ಹಿಟ್ಟನ್ನು ಮಾತ್ರ ಒಂದು ಬಟ್ಟಲಲ್ಲಿ ಬೇರೆ ತೆಗೆದಿಟ್ಟು ಏಳುತ್ತಾಳೆ. ಹಿಟ್ಟು ಕಡಿಮೆ ಇಡುವುದಿಲ್ಲ. ಒಲೆಯನ್ನೂ ಆರಿಸುವುದಿಲ್ಲ. ನಾನು ಹೋಗಿ ಕೂತು ತಟ್ಟಿಕೊಳ್ಳುತ್ತೇನೆ. ನನ್ನವು ದಪ್ಪ, ಅಂಚು ಒಡೆದಿರುತ್ತವೆ, ನಡುವೆ ಹಸಿ. ತಿನ್ನುತ್ತಿದ್ದೇನೆ.